ಇದ್ದೂ ಕಾಣದ ಆವೇಶ: ಬಜರ್ ಬಿಲ್ಲೆ, ಮಳೆ ಮತ್ತು ಕಣದ ದೀಪ

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಫೆರೋಎಲೆಕ್ಟ್ರಿಕ್ ವಸ್ತುಗಳ ಮೇಲ್ಮೈಯಲ್ಲಿ ಸದಾ ವಿದ್ಯುದಾವೇಶ ಇರುತ್ತದೆಂದು ಓದಿದೆ. ಹಾಸನದಿಂದ 27 ಮಿ.ಮೀ. ಬಜರ್ (ಬೀಪ್ ಸದ್ದು ಮಾಡುವ) ಬಿಲ್ಲೆಗಳನ್ನು ತಂದು ಮಲ್ಟಿಮೀಟರ್ ಹಚ್ಚಿದರೆ ಸೊನ್ನೆ. ಆವೇಶ ಎಲ್ಲಿ ಹೋಯಿತು? ನಮ್ಮ ಕಡೆಯ ಮಳೆಗೆ ಈ ಬಿಲ್ಲೆಗಳನ್ನು ಶಾಲೆಯ ಮಾಡಿಗೆ ಹೊದಿಸಿದರೆ ಕರೆಂಟು ಸಿಗಬಹುದೇ? ಸಿಗದಿದ್ದರೆ ಈ ಆವೇಶದಿಂದ ಆಗುವ ಉಪಯೋಗವೇನು? ಕಾಫಿ ಒಣಗಿಸುವ ಕಣದಲ್ಲಿ ಹಾಕಿರುವ ಸೆನ್ಸರ್ ದೀಪವೂ ಇದೇ ತತ್ವದ್ದಂತೆ. ಅದು ಮಧ್ಯಾಹ್ನ ಯಾರೂ ಇಲ್ಲದಾಗ ಹತ್ತುತ್ತದೆ, ಏಕೆ?

ಉತ್ತರ: ನೀವು ಓದಿದ್ದು ಸರಿ, ಮೀಟರ್ ತೋರಿಸಿದ್ದೂ ಸರಿ. ಬಿಲ್ಲೆಯ ಮೈಮೇಲೆ ಆವೇಶ ಇದೆ. ಆದರೆ ಅದರ ಮೇಲೆಯೇ ಅಷ್ಟೇ ಪ್ರಮಾಣದ ವಿರುದ್ಧ ಆವೇಶ ಬಂದು ಕೂತಿದೆ. ಹೊರಗಿನಿಂದ ಅಳೆದವರಿಗೆ ಎರಡೂ ವಜಾ ಆಗಿ ಸೊನ್ನೆ. ಒಳಗಿನ ಆವೇಶ ಬದಲಾದಾಗ ಮಾತ್ರ, ಹೊರಗೆ ಕೂತದ್ದು ಹೊಂದಿಕೊಳ್ಳುವ ಮುಂಚೆ ಒಂದಿಷ್ಟು ಹೊತ್ತು ಲೆಕ್ಕ ತಪ್ಪುತ್ತದೆ. ನಮ್ಮ ಕೈಗೆ ಸಿಗುವುದು ಆ ತಪ್ಪಿದ ಲೆಕ್ಕವೇ. ನಿಮ್ಮ ಬಿಲ್ಲೆಯಿಂದ ಹಿಡಿದು ಕಣದ ದೀಪದವರೆಗೆ ಎಲ್ಲದಕ್ಕೂ ಇದೇ ಕೀಲಿ.

ಆವೇಶ ಎಲ್ಲಿಂದ ಬಂತು ಎನ್ನುವುದಕ್ಕೆ ಬೇರಿಯಂ ಟೈಟನೇಟ್ ಒಳ್ಳೆಯ ಉದಾಹರಣೆ. ಅದರ ಹರಳಿನ ಒಂದೊಂದು ಕೋಶದಲ್ಲೂ ನಡುವೆ ಒಂದು ಟೈಟಾನಿಯಂ ಅಯಾನು, ಸುತ್ತ ಆರು ಆಕ್ಸಿಜನ್ ಅಯಾನುಗಳು. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿದ್ದಾಗ ಟೈಟಾನಿಯಂ ನಟ್ಟನಡುವೆ ಇರುತ್ತದೆ. ಅದಕ್ಕಿಂತ ತಣ್ಣಗಾದರೆ ಒಂದು ಬದಿಗೆ ಕೂದಲೆಳೆಯಷ್ಟೂ ಅಲ್ಲದ ದೂರ ಸರಿದು ನಿಲ್ಲುತ್ತದೆ. ಅಷ್ಟಕ್ಕೇ ಕೋಶ ಒಂದು ದ್ವಿಧ್ರುವವಾಗುತ್ತದೆ, ಒಂದು ತುದಿ ಧನ, ಇನ್ನೊಂದು ಋಣ. ಹರಳಿನ ಒಳಗೆ ಒಂದು ಕೋಶದ ಧನ ತುದಿಗೆ ಮುಂದಿನದರ ಋಣ ತುದಿ ತಾಗಿ ಪರಸ್ಪರ ಅಳಿಸಿಹೋಗುತ್ತವೆ. ಜೋಡಿ ಸಿಗದೆ ಉಳಿಯುವುದು ಎರಡು ಮೇಲ್ಮೈಗಳ ಮೇಲಿನ ಕೊನೆಯ ಸಾಲು ಮಾತ್ರ. ಅದೇ ಮೇಲ್ಮೈ ಆವೇಶ. ಹೊರಗಿನ ವಿದ್ಯುತ್ ಕ್ಷೇತ್ರದಿಂದ ಈ ದಿಕ್ಕನ್ನು ತಿರುಗಿಸಬಹುದಾದರೆ ಆ ವಸ್ತು ಫೆರೋಎಲೆಕ್ಟ್ರಿಕ್.

ಬೇರಿಯಂ ಟೈಟನೇಟ್‌ನ ಒಂದು ಚದರ ಸೆಂಟಿಮೀಟರಿಗೆ ಇದು ಸುಮಾರು 26 ಮೈಕ್ರೊಕೂಲಂ. ಕೇಳಲು ಚಿಕ್ಕದು. ಆದರೆ ಇಷ್ಟು ಆವೇಶ ಬರಿಮೈಯಲ್ಲಿ ನಿಂತಿದ್ದರೆ ಅದರ ಮುಂದಿನ ವಿದ್ಯುತ್ ಕ್ಷೇತ್ರ, ಗಾಳಿಯಲ್ಲಿ ಕಿಡಿ ಹಾರಲು ಬೇಕಾದ್ದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಆಗುತ್ತಿತ್ತು. ಹಾಗೆ ನಿಲ್ಲಲು ಯಾವುದೂ ಬಿಡುವುದಿಲ್ಲ. ಗಾಳಿಯ ಅಯಾನುಗಳು, ಹರಳಿನೊಳಗಿನ ಅಲೆಮಾರಿ ಎಲೆಕ್ಟ್ರಾನುಗಳು, ಎಲ್ಲಕ್ಕಿಂತ ಹೆಚ್ಚಾಗಿ ಮೈಮೇಲೆ ಕೂರುವ ನೀರಿನ ಪದರ ಅದನ್ನು ಮುಚ್ಚುತ್ತವೆ. ಗೋಡೆಯೇ ಬೆವರುವ ಮಲೆನಾಡಿನ ಜುಲೈನಲ್ಲಿ ಈ ಮುಚ್ಚುವ ಕೆಲಸ ಇನ್ನೂ ಬೇಗ ಆಗುತ್ತದೆ. ನಿಮ್ಮ ಬಿಲ್ಲೆಗೆ ಬೆಳ್ಳಿಯ ಲೇಪವಿರುವುದರಿಂದ ಬೆಳ್ಳಿಯ ಎಲೆಕ್ಟ್ರಾನುಗಳೇ ಮುಚ್ಚಳ. ಟೂರ್ಮಲಿನ್ ಎಂಬ ಕಲ್ಲು ಕೆಂಡದಲ್ಲಿ ಬಿಸಿಯಾದಾಗ ಬೂದಿಯನ್ನು ಎಳೆದುಕೊಳ್ಳುವುದು 18ನೇ ಶತಮಾನದ ಆರಂಭದಲ್ಲಿ ಸಿಂಹಳದಿಂದ ಅದನ್ನು ಒಯ್ದ ಡಚ್ಚರಿಗೆ ಗೊತ್ತಿತ್ತು. ತಣ್ಣಗಿದ್ದಾಗ ಸುಮ್ಮನಿರುವ ಕಲ್ಲು ಬಿಸಿಯಾದಾಗಷ್ಟೇ ಎಳೆಯುವುದಕ್ಕೆ ಕಾರಣ ಇದೇ. ಟೂರ್ಮಲಿನ್ ಫೆರೋಎಲೆಕ್ಟ್ರಿಕ್ ಅಲ್ಲ, ಅದರ ದಿಕ್ಕು ತಿರುಗದು. ಆದರೆ ಆವೇಶದ ಬಚ್ಚಿಟ್ಟಾಟ ಎರಡಕ್ಕೂ ಒಂದೇ.

ಈಗ ನಿಮ್ಮ ಬಿಲ್ಲೆ. 27 ಮಿ.ಮೀ. ಹಿತ್ತಾಳೆ ತಟ್ಟೆಯ ಮೇಲೆ ಸುಮಾರು 20 ಮಿ.ಮೀ. ಅಗಲದ ಬಿಳಿ ಪಿಂಗಾಣಿ ಇದೆ. ಅದು ಸೀಸ, ಜಿರ್ಕೋನಿಯಂ, ಟೈಟಾನಿಯಂ ಸೇರಿದ ಆಕ್ಸೈಡ್, ವ್ಯವಹಾರದ ಹೆಸರು ಪಿಝಡ್‌ಟಿ. ಬೆಳ್ಳಿ ಲೇಪದ ವಿಸ್ತೀರ್ಣ ಸುಮಾರು 3 ಚದರ ಸೆಂ.ಮೀ. ಚದರ ಸೆಂಟಿಮೀಟರಿಗೆ 30 ಮೈಕ್ರೊಕೂಲಂ ಹಿಡಿದರೆ ಒಟ್ಟು 90 ಮೈಕ್ರೊಕೂಲಂ ಆವೇಶ ಅಲ್ಲಿ ಬಂಧಿ. ಒಂದು ಡಿಗ್ರಿ ಬಿಸಿ ಮಾಡಿದರೆ ಧ್ರುವೀಕರಣ (ದ್ವಿಧ್ರುವಗಳ ಒಟ್ಟು ಬಲ) ಸಾವಿರದಲ್ಲಿ ಒಂದು ಪಾಲಿನಷ್ಟು ಇಳಿದು ಸುಮಾರು 90 ನ್ಯಾನೊಕೂಲಂ ಬಿಡುಗಡೆಯಾಗುತ್ತದೆ. ಬಿಲ್ಲೆಯ ಧಾರಕತೆ (ಆವೇಶ ಹಿಡಿದಿಡುವ ಸಾಮರ್ಥ್ಯ) ಸುಮಾರು 20 ನ್ಯಾನೊಫ್ಯಾರಡ್. ಹಾಗಾಗಿ ತೆರೆದ ತುದಿಗಳ ನಡುವೆ ಡಿಗ್ರಿಗೆ ನಾಲ್ಕೈದು ವೋಲ್ಟ್ ಬರಬೇಕು.

ಬರುತ್ತದೆ ಕೂಡ, ಆದರೆ ಮೀಟರ್ ಅದನ್ನು ನುಂಗುತ್ತದೆ. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ 10 ಮೆಗಾಓಮ್. 20 ನ್ಯಾನೊಫ್ಯಾರಡ್‌ಗೆ ಇದನ್ನು ಗುಣಿಸಿದರೆ 0.2 ಸೆಕೆಂಡು. ಆವೇಶದ ಸುಮಾರು ಮೂರನೇ ಎರಡು ಪಾಲು ಸೋರಿಹೋಗಲು ಇಷ್ಟು ಸಾಕು. ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಓದುತ್ತದೆ. ಅದು ಕಣ್ಣು ಬಿಡುವ ಹೊತ್ತಿಗೆ ಆಟ ಮುಗಿದಿರುತ್ತದೆ.

ಪರಿಹಾರ ಕೆಲವೇ ರೂಪಾಯಿಯದ್ದು. ಬಿಲ್ಲೆಗೆ ಅಡ್ಡಲಾಗಿ 1 ಮೈಕ್ರೊಫ್ಯಾರಡ್‌ನ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿ. ಕಾಲಾವಧಿ 10 ಸೆಕೆಂಡಿಗೆ ಹಿಗ್ಗುತ್ತದೆ. ವೋಲ್ಟೇಜ್ ಸುಮಾರು ಐವತ್ತನೇ ಒಂದಕ್ಕೆ ಇಳಿಯುತ್ತದೆ, ಅದು ಪರವಾಗಿಲ್ಲ. ಮೀಟರನ್ನು 200 ಮಿಲಿವೋಲ್ಟ್ ಡಿಸಿ ಮಿತಿಗಿಡಿ. ಬಿಲ್ಲೆಯನ್ನು ತಂತಿಯಲ್ಲಿ ನೇತುಬಿಟ್ಟು ಒಂದು ಸಲ ಬಾಯಿಂದ ಬಿಸಿಯುಸಿರು ಬಿಡಿ. ಹತ್ತಾರು ಮಿಲಿವೋಲ್ಟ್ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ, ಬಿಲ್ಲೆ ಆರುವಾಗ ಚಿಹ್ನೆ ತಿರುಗಿ ಋಣಕ್ಕೆ ಹೋಗುತ್ತದೆ. ಚಿಹ್ನೆ ತಿರುಗುವ ಈ ಕ್ಷಣವನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ಬ್ಯಾಟರಿ ಹೀಗೆ ಮಾಡುವುದಿಲ್ಲ. ಡಿಗ್ರಿಗೆ ಕರಾರುವಾಕ್ಕಾಗಿ 90 ಮಿಲಿವೋಲ್ಟ್ ಬರಬೇಕೆಂದು ಕಾಯಬೇಡಿ: ಹಿತ್ತಾಳೆಯೂ ಪಿಂಗಾಣಿಯೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಬಿಲ್ಲೆ ಬಾಗುತ್ತದೆ, ಬಾಗಿದ್ದರ ಆವೇಶವೂ ಇದರೊಳಗೆ ಬೆರೆಯುತ್ತದೆ.

ಕೆಪಾಸಿಟರ್ ಪಾಲಿಯೆಸ್ಟರ್‌ದೇ ಆಗಿರಲಿ. ಎಲೆಕ್ಟ್ರೋಲಿಟಿಕ್ ತಾನೇ ಸೋರುತ್ತದೆ. ಈ ಗಾತ್ರದ ಸಿರಾಮಿಕ್ ಕೆಪಾಸಿಟರಿನೊಳಗೆ ಇರುವುದು ಅದೇ ಬೇರಿಯಂ ಟೈಟನೇಟ್, ಒತ್ತಿದರೂ ಬಿಸಿ ತಾಗಿದರೂ ಅದು ತನ್ನದೇ ರಾಗ ಹಾಡೀತು. ಬೆಸುಗೆ ಹಾಕುವಾಗ 25 ವ್ಯಾಟ್ ಸೋಲ್ಡರಿಂಗ್ ಐರನ್ ಸಾಕು, ಬೆಳ್ಳಿಯ ಮೇಲೆ ಎರಡು ಸೆಕೆಂಡಿಗಿಂತ ಹೆಚ್ಚು ಇಡಬೇಡಿ. ಹೆಚ್ಚು ಹೊತ್ತಾದರೆ ಬೆಳ್ಳಿ ಬೆಸುಗೆಯಲ್ಲಿ ಕರಗಿ ಲೇಪವೇ ಮಾಯ, ಜೊತೆಗೆ ಆ ಜಾಗದಲ್ಲಿ ದ್ವಿಧ್ರುವಗಳ ಸಾಲು ಚೆದುರಿ ಪಿಂಗಾಣಿ ನಿರ್ಜೀವವಾಗುತ್ತದೆ. ಬೆಸುಗೆಯ ಅಂಟು ಬಿಲ್ಲೆಯ ಅಂಚಿನಲ್ಲಿ ಉಳಿದರೆ ಥಂಡಿ ಹೀರಿ ಸೋರಿಕೆಯ ದಾರಿ ಆಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಬಿಸಿಲಿಗೆ ಹತ್ತು ನಿಮಿಷ ಇಟ್ಟು ಆಮೇಲೆ ಅಳೆಯಿರಿ. ಬರಿ ತಂತಿಯನ್ನು ಬೆರಳಲ್ಲಿ ಹಿಡಿದರೆ ಚರ್ಮದ ಮೂಲಕ ಸೋರುತ್ತದೆ.

ಒಂದು ಎಚ್ಚರಿಕೆಯನ್ನು ಅನೇಕರು ಬಿಟ್ಟುಬಿಡುತ್ತಾರೆ. ಕೆಪಾಸಿಟರ್ ಇಲ್ಲದ ತೆರೆದ ಬಿಲ್ಲೆಯನ್ನು 60 ಡಿಗ್ರಿಯಿಂದ 25ಕ್ಕೆ ಇಳಿಸಿದರೆ ಲೆಕ್ಕದ ಪ್ರಕಾರ 150 ವೋಲ್ಟ್ ದಾಟುತ್ತದೆ. 0.2 ಮಿ.ಮೀ. ದಪ್ಪದ ಪಿಂಗಾಣಿಗೆ ಅದು ಮಿಲಿಮೀಟರಿಗೆ 750 ವೋಲ್ಟಿನ ಮೇಲೆ, ತಣಿಯುವಾಗ ಅದರ ದಿಕ್ಕು ಧ್ರುವೀಕರಣಕ್ಕೆ ಎದುರು. ಮೃದು ಜಾತಿಯ ಪಿಝಡ್‌ಟಿಯನ್ನು ಅಷ್ಟು ಕ್ಷೇತ್ರ ಭಾಗಶಃ ಕೆಡಿಸಬಲ್ಲದು. ಆದ್ದರಿಂದ ಬಿಸಿ ಮಾಡುವಾಗ, ತಣಿಸುವಾಗ, ಎತ್ತಿಡುವಾಗ ಎರಡು ತಂತಿಗಳನ್ನು ಹೊಸೆದು ಸೇರಿಸಿಡಿ. ಮೈಕ್ರೊಕಂಟ್ರೋಲರಿಗೆ ಜೋಡಿಸುವುದಾದರೆ ಅಡ್ಡಲಾಗಿ 1 ಮೆಗಾಓಮ್ ರೋಧ ಮತ್ತು ವೋಲ್ಟೇಜನ್ನು 5.1ಕ್ಕೆ ತಡೆಯುವ ಝೀನರ್ ಡಯೋಡ್ ಇಲ್ಲದೆ ಜೋಡಿಸಬೇಡಿ. ಇನ್ನೊಂದು, ಪಿಝಡ್‌ಟಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಮಕ್ಕಳು ಅದನ್ನು ಉಜ್ಜುವುದು, ಪುಡಿ ಮಾಡುವುದು ಬೇಡ. ಒಡೆದ ಚೂರನ್ನು ಕಾಗದದಲ್ಲಿ ಸುತ್ತಿ ಎತ್ತಿ, ಕೈ ತೊಳೆಸಿ.

ಮಳೆಯ ವಿಚಾರಕ್ಕೆ ಬರೋಣ. ಇಲ್ಲಿ ಬಿಲ್ಲೆಯ ದೋಷಕ್ಕಿಂತ ಮೊದಲು ಮಳೆಯನ್ನೇ ಲೆಕ್ಕ ಹಾಕಬೇಕು. ವರ್ಷಕ್ಕೆ 2,000 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ಮಾಡಿನ ಮೇಲೆ 2,000 ಕಿಲೊ ನೀರು. 2 ಮಿ.ಮೀ. ವ್ಯಾಸದ ಹನಿ ಬೀಳುವ ವೇಗ ಸೆಕೆಂಡಿಗೆ ಸುಮಾರು 6.5 ಮೀಟರ್, ಎಷ್ಟೇ ಎತ್ತರದಿಂದ ಬಿದ್ದರೂ ಗಾಳಿ ಅದಕ್ಕಿಂತ ಹೆಚ್ಚಿಗೆ ಬಿಡದು. ಚಲನಶಕ್ತಿ ಲೆಕ್ಕ ಹಾಕಿದರೆ ವರ್ಷಕ್ಕೆಲ್ಲ ಸೇರಿ 42,000 ಜೂಲ್, ಅಂದರೆ 12 ವ್ಯಾಟ್-ಗಂಟೆಗೂ ಚೂರು ಕಡಿಮೆ. ಒಂದು ಹನಿಯ ಶಕ್ತಿಯನ್ನೂ ಬಿಡದೆ ಹಿಡಿದರೂ 9 ವ್ಯಾಟಿನ ಎಲ್‌ಇಡಿ ಬಲ್ಬು ವರ್ಷಕ್ಕೊಮ್ಮೆ ಒಂದೂಕಾಲು ಗಂಟೆ ಉರಿಯುತ್ತದೆ. ಬಿಲ್ಲೆಗೆ ದಕ್ಕುವುದು ಅದರಲ್ಲೂ ಸಣ್ಣ ಪಾಲು, ಮಾಡಿನ ಮೇಲೆ ಹರಿಯುವ ನೀರಿನ ಪದರವೇ ಮುಂದಿನ ಹನಿಯ ಹೊಡೆತವನ್ನು ನುಂಗುತ್ತದೆ. ಇದಕ್ಕೆ ಶಾಲೆಯ ಹಣ ಖರ್ಚು ಮಾಡಬೇಡಿ. ಬೆರಳಿಂದ ಬಿಲ್ಲೆ ತಟ್ಟಿ 30 ವೋಲ್ಟ್ ಎಬ್ಬಿಸಿದರೆ ಅದರಲ್ಲಿರುವುದು 9 ಮೈಕ್ರೊಜೂಲ್. ಕತ್ತಲೆಯಲ್ಲಿ ಎಲ್‌ಇಡಿಯೊಂದು ಕಣ್ಣು ಮಿಟುಕಿಸಲು ಸಾಕು. ಅದೇ ಎಲ್‌ಇಡಿ ಒಂದು ಸೆಕೆಂಡು ಸರಿಯಾಗಿ ಬೆಳಗಲು ಇಂಥ ಸಾವಿರಕ್ಕೂ ಹೆಚ್ಚು ತಟ್ಟುಗಳು ಬೇಕು.

ಶಕ್ತಿಯ ಮೂಲವಾಗಿ ಸೋತರೂ ಸುದ್ದಿ ಮುಟ್ಟಿಸುವುದರಲ್ಲಿ ಈ ಆವೇಶಕ್ಕೆ ಸಾಟಿಯಿಲ್ಲ. ಕರೆಂಟು ಹೋದರೂ ಲೆಕ್ಕ ಮರೆಯಬಾರದ ಮೀಟರುಗಳಲ್ಲಿ ಬಳಸುವ ಫೆರೋಎಲೆಕ್ಟ್ರಿಕ್ ಸ್ಮೃತಿಯಲ್ಲಿ ಧ್ರುವೀಕರಣದ ದಿಕ್ಕೇ ಒಂದು ಅಥವಾ ಸೊನ್ನೆ. ಓದುವಾಗ ಒಂದು ವೋಲ್ಟೇಜ್ ಕೊಟ್ಟು ನೋಡುತ್ತಾರೆ. ದಿಕ್ಕು ತಿರುಗಿದರೆ ದೊಡ್ಡ ಆವೇಶ ಹೊರಬೀಳುತ್ತದೆ, ತಿರುಗದಿದ್ದರೆ ಚಿಕ್ಕದು. ಓದಿದ ತಕ್ಷಣ ಮತ್ತೆ ಬರೆದಿಡಬೇಕು, ಏಕೆಂದರೆ ಓದುವುದೇ ಅಳಿಸುವುದು. ಮುಚ್ಚಳ ಹೊದ್ದ ಆವೇಶವೂ ರಸಾಯನಶಾಸ್ತ್ರದಲ್ಲಿ ಕೆಲಸಕ್ಕೆ ಬರುತ್ತದೆ: ಬೇರಿಯಂ ಟೈಟನೇಟನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿಟ್ಟು ನೇರಳಾತೀತ ಬೆಳಕು ಬಿಟ್ಟರೆ ಬೆಳ್ಳಿ ಎಲ್ಲೆಂದರಲ್ಲಿ ಕೂರದೆ ಧನ ತುದಿ ಮೇಲಿರುವ ಜಾಗಗಳನ್ನೇ ಆರಿಸಿಕೊಳ್ಳುತ್ತದೆ, ಬೆಳಕು ಬಿಡಿಸಿದ ಎಲೆಕ್ಟ್ರಾನುಗಳು ಅಲ್ಲಿಗೇ ಓಡಿಬರುವುದರಿಂದ. ಮುಚ್ಚಳ ಹಾಕಲು ಗಾಳಿಯೇ ಇಲ್ಲದಂತೆ ಮಾಡಿದರಂತೂ ಆವೇಶದ ನಿಜವಾದ ಬಲ ಹೊರಬೀಳುತ್ತದೆ. ಲಿಥಿಯಂ ಟ್ಯಾಂಟಲೇಟ್ ಹರಳನ್ನು ನಿರ್ವಾತದ ಹತ್ತಿರದ ಒತ್ತಡದಲ್ಲಿ ಕೆಲವು ಹತ್ತು ಡಿಗ್ರಿ ಬಿಸಿ ಮಾಡಿ ತಣಿಸಿದರೆ ಹತ್ತಾರು ಸಾವಿರ ವೋಲ್ಟ್ ಎದ್ದು ಎಕ್ಸ್-ಕಿರಣ ಹುಟ್ಟುತ್ತದೆ. 2005ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇದೇ ಉಪಾಯದಿಂದ ಡ್ಯುಟೀರಿಯಂ (ಭಾರ ಹೈಡ್ರೋಜನ್) ಬೈಜಿಕ ಸಮ್ಮಿಲನವನ್ನೂ ಮಾಡಿ ತೋರಿಸಿದರು. ಅದರಿಂದ ಸಿಕ್ಕಿದ ಶಕ್ತಿ ತೀರಾ ಅತ್ಯಲ್ಪ, ಉಪಯೋಗವಿರುವುದು ನ್ಯೂಟ್ರಾನುಗಳ ಪುಟ್ಟ ಮೂಲವಾಗಿ.

ಕಣದ ದೀಪ ನಮ್ಮ ಕಡೆಯವರಿಗೆ ಹೆಚ್ಚು ಹತ್ತಿರದ್ದು, ಕಾಯಿಲೆಗಳೂ ಹೆಚ್ಚು. ಆ ಪಿಐಆರ್ (ಚಲಿಸುವ ಮೈಶಾಖವನ್ನು ಹಿಡಿಯುವ) ಸೆನ್ಸರಿನ ಲೋಹದ ಡಬ್ಬಿಯೊಳಗೆ ಒಂದೆರಡು ಮಿಲಿಮೀಟರ್ ಗಾತ್ರದ ಎರಡು ಫೆರೋಎಲೆಕ್ಟ್ರಿಕ್ ತುಣುಕುಗಳಿವೆ, ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದವು. ಎರಡೂ ಒಟ್ಟಿಗೆ ಬಿಸಿಯಾದರೆ ಆವೇಶಗಳು ವಜಾ. ಮನುಷ್ಯ ಅಡ್ಡ ಹಾದರೆ ಮುಂದಿನ ಲೆನ್ಸಿನ ಪಟ್ಟಿಗಳು ಅವನ ಮೈಯ ಶಾಖವನ್ನು ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ಹಾಕುತ್ತವೆ, ದೀಪ ಹತ್ತುತ್ತದೆ. ಅದಕ್ಕೇ ನೇರ ಎದುರಿಗೆ ನಡೆದು ಬಂದವನನ್ನು ತಡವಾಗಿ ಹಿಡಿಯುತ್ತದೆ, ಅಡ್ಡ ಹೋದವನನ್ನು ಬೇಗ.

ಮಧ್ಯಾಹ್ನ ಕಣದ ಸಿಮೆಂಟು ಕಾದಿರುತ್ತದೆ. ಗಾಳಿ ಬೀಸಿದಾಗ ಬಿಸಿಗಾಳಿಯ ಉಂಡೆಗಳು ಸೆನ್ಸರಿನ ಮುಂದೆ ಹಾದುಹೋಗುತ್ತವೆ, ಟಾರ್ಪಾಲಿನ ಅಂಚು ಹಾರಾಡುತ್ತದೆ, ಬಿಸಿಲುಂಡ ಸಿಲ್ವರ್ ಓಕ್ ಎಲೆಗಳು ತೂಗುತ್ತವೆ. ಎರಡು ತುಣುಕುಗಳಿಗೆ ಸಮನಾಗಿ ಬೀಳದ ಯಾವ ಶಾಖವೂ ಅದಕ್ಕೆ ಮನುಷ್ಯನೇ. ಆದ್ದರಿಂದ ಸೆನ್ಸರನ್ನು ಕಣಕ್ಕೆ ಮುಖ ಮಾಡಿಸದೆ, ಕಣಕ್ಕೆ ಬರುವ ಕಾಲುದಾರಿಗೆ ಅಡ್ಡಲಾಗಿ ಎರಡರಿಂದ ಎರಡೂವರೆ ಮೀಟರ್ ಎತ್ತರದಲ್ಲಿ, ಚೂರು ಕೆಳಗೆ ನೋಡುವಂತೆ ಕೂರಿಸಿ. ಪೂರ್ವಕ್ಕೂ ಪಶ್ಚಿಮಕ್ಕೂ ಮುಖ ಬೇಡ. ಬಿಡಿಯಾಗಿ ಸಿಗುವ ಎಚ್‌ಸಿ-ಎಸ್‌ಆರ್ 501 ಬೋರ್ಡಾದರೆ ಬೆಳಕು ಸಂವೇದಿ ರೋಧವೊಂದನ್ನು ಬೆಸೆಯಲು ಜಾಗ ಬಿಟ್ಟಿರುತ್ತಾರೆ. ಅದನ್ನು ಹಾಕಿದರೆ ಹಗಲು ದೀಪ ಹತ್ತುವ ಪ್ರಶ್ನೆಯೇ ಇಲ್ಲ. ರಾತ್ರಿಯೂ ತಾನಾಗಿ ಆರಿ ಹತ್ತಿ ಮಾಡುತ್ತಿದ್ದರೆ ಶಾಖವನ್ನು ಬಿಟ್ಟು ವಿದ್ಯುತ್ ಪೂರೈಕೆಯನ್ನು ಅನುಮಾನಿಸಿ: ದೀಪದ ಸ್ವಿಚ್ಚಾದ ರಿಲೇ ಬಿಟ್ಟಾಗ ವೋಲ್ಟೇಜ್ ಕುಲುಕಿ ಸೆನ್ಸರ್ ಮತ್ತೆ ಎಚ್ಚರಗೊಳ್ಳುತ್ತದೆ. ಬೋರ್ಡಿನ ಪೂರೈಕೆ ತುದಿಗಳಿಗೆ 220 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿಸಿ, ವೈಫೈ ಪೆಟ್ಟಿಗೆಯಿಂದ ಒಂದೆರಡು ಮೀಟರ್ ದೂರವಿಡಿ. ಕರೆಂಟು ಬಂದ ಮೇಲಿನ ಮೊದಲ ಒಂದು ನಿಮಿಷ ಅದು ಮಾಡುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮಳೆಗೆ ನೆನೆಯುತ್ತದೆಂದು ಕೆಲವರು ಮುಂದೆ ಗಾಜು ಹಾಕುತ್ತಾರೆ. ಹಾಕಿದ ದಿನದಿಂದ ಸೆನ್ಸರ್ ಕುರುಡು. ಮೈಶಾಖದ ಅವಕೆಂಪು ಕಿರಣದ ತರಂಗದೂರ 10 ಮೈಕ್ರೊಮೀಟರಿನ ಆಸುಪಾಸು, ಗಾಜು ಅದನ್ನು ಬಿಡುವುದಿಲ್ಲ, ಅಕ್ರಿಲಿಕ್ಕೂ ಬಿಡದು. ಅದರ ಬಿಳಿ ಲೆನ್ಸು ಪಾಲಿಥೀನಿನದ್ದಾಗಿರುವುದು ಇದೇ ಕಾರಣಕ್ಕೆ. ಮೇಲೆ ಒಂದು ತಗಡಿನ ಚಜ್ಜ ಸಾಕು. ತಂತಿ ಒಳಹೋಗುವ ತೂತನ್ನು ವಿನೆಗರ್ ವಾಸನೆ ಬಾರದ ಜಾತಿಯ ಸಿಲಿಕೋನಿನಿಂದ ಮುಚ್ಚಿ. ವಾಸನೆಯದ್ದು ತಾಮ್ರವನ್ನು ತಿನ್ನುತ್ತದೆ. ತೂತು ಬಿಟ್ಟರೆ ಇರುವೆ ಗೂಡು ಖಂಡಿತ. ಏಪ್ರಿಲ್ ಮಧ್ಯಾಹ್ನ ಹಾಸನದ ಬಯಲು ಕಡೆ ಗಾಳಿ 34-35 ಡಿಗ್ರಿಗೆ ಹೋದಾಗ ಚರ್ಮಕ್ಕೂ ಹಿನ್ನೆಲೆಗೂ ವ್ಯತ್ಯಾಸವೇ ಉಳಿಯದೆ ಹಿಡಿಯುವ ದೂರ ಕುಗ್ಗುತ್ತದೆ. ಅದು ಸೆನ್ಸರಿನ ದೋಷವಲ್ಲ.

ಆಲೂರು, ಸಕಲೇಶಪುರ, ಬೇಲೂರು ಕಡೆಯ ತೋಟದವರು ಇದನ್ನೇ ಆನೆ ಎಚ್ಚರಿಕೆಗೆ ಹಾಕಿಕೊಳ್ಳಲು ನೋಡುತ್ತಾರೆ. ದಯವಿಟ್ಟು ಇದನ್ನು ನಂಬಿ ಕತ್ತಲೆಗೆ ಇಳಿಯಬೇಡಿ. ಈ ಬೋರ್ಡಿನ ವ್ಯಾಪ್ತಿ ಹೆಚ್ಚೆಂದರೆ 7 ಮೀಟರ್. ಆನೆ 7 ಮೀಟರಿಗೆ ಬಂದ ಮೇಲೆ ಹತ್ತುವ ದೀಪ ಎಚ್ಚರಿಕೆಯಾಗದು.

ಅಡುಗೆಮನೆಯ ಗ್ಯಾಸ್ ಲೈಟರ್ ಇದೇ ಪಿಝಡ್‌ಟಿಯ ಇನ್ನೊಂದು ರೂಪ. ಒಳಗಿನ ಸುತ್ತಿಗೆ ಸಿಲಿಂಡರಿನಂಥ ತುಂಡಿಗೆ ಹೊಡೆದಾಗ ಹತ್ತು ಸಾವಿರ ವೋಲ್ಟಿನ ಮೇಲೆ ಎದ್ದು ಕಿಡಿ ಹಾರುತ್ತದೆ. ಮಳೆಗಾಲದಲ್ಲಿ ಟಕ್ ಎಂದರೂ ಕಿಡಿ ಬರದಿದ್ದರೆ ತುಂಡು ಸತ್ತಿಲ್ಲ. ತುದಿಯ ಸೂಜಿಯ ಸುತ್ತ ಮಸಿ, ಎಣ್ಣೆ, ಥಂಡಿ ಸೇರಿ ಆವೇಶ ಪ್ಲಾಸ್ಟಿಕ್ಕಿನ ಮೈಮೇಲೆ ಹರಿದುಹೋಗುತ್ತಿದೆ. ಒಣಬಟ್ಟೆಯಲ್ಲಿ ತುದಿ ಒರೆಸಿ, ಬೆಚ್ಚಗಿನ ಜಾಗದಲ್ಲಿ ಅರ್ಧ ದಿನ ಇಡಿ. ತೊಳೆಯಬೇಡಿ.

ಸೀಸವಿಲ್ಲದ ಪ್ರಯೋಗ ಬೇಕಿದ್ದರೆ ರೋಶೆಲ್ ಉಪ್ಪು ಬೆಳೆಸಿ. 1920ರಲ್ಲಿ ಜೋಸೆಫ್ ವಲಾಸೆಕ್ ಫೆರೋಎಲೆಕ್ಟ್ರಿಕ್ ಗುಣವನ್ನು ಮೊದಲು ಕಂಡದ್ದು ಇದರಲ್ಲೇ. ಬೇಕರಿ ಸಾಮಾನಿನ ಅಂಗಡಿಯ ಕ್ರೀಮ್ ಆಫ್ ಟಾರ್ಟರ್ 200 ಗ್ರಾಂ, ನೀರು 250 ಮಿಲಿ, ನೀರಿಲ್ಲದ ವಾಷಿಂಗ್ ಸೋಡಾ 56 ಗ್ರಾಂ (ಹರಳು ರೂಪದ್ದಾದರೆ 152 ಗ್ರಾಂ). ಗಾಜಿನ ಅಥವಾ ಸ್ಟೀಲಿನ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಸೋಡಾವನ್ನು ಅರ್ಧರ್ಧ ಚಮಚ ಹಾಕಿ. ನೊರೆ ಇಳಿಯುವ ತನಕ ಮುಂದಿನದು ಬೇಡ, ಉಕ್ಕಿ ಚೆಲ್ಲುತ್ತದೆ. ತಿಳಿಯಾದ ಮೇಲೆ ಕಾಫಿ ಸೋಸುವ ಕಾಗದದಲ್ಲಿ ಸೋಸಿ ಅಲುಗಾಡದ ಕಡೆ ಇಡಿ. ಒಂದೆರಡು ದಿನಕ್ಕೆ ಹರಳು ಕೂರುತ್ತದೆ, ಚೆಂದದ್ದೊಂದನ್ನು ನೂಲಿನಲ್ಲಿ ಕಟ್ಟಿ ಉಳಿದ ದ್ರಾವಣದಲ್ಲಿ ಇಳಿಬಿಟ್ಟರೆ ಬೆಳೆಯುತ್ತದೆ. ಎದುರು ಬದುರು ಮುಖಗಳಿಗೆ ಅಲ್ಯುಮಿನಿಯಂ ಹಾಳೆ ಹಚ್ಚಿ ಓರೆಯಾಗಿ ಒತ್ತಿ, ಬೇರೆಬೇರೆ ಜೋಡಿ ಮುಖಗಳಲ್ಲಿ ಹುಡುಕಿ. ಎಲ್ಲ ದಿಕ್ಕಿನಲ್ಲೂ ಆವೇಶ ಬರುವುದಿಲ್ಲ.

ಈ ಉಪ್ಪು ಫೆರೋಎಲೆಕ್ಟ್ರಿಕ್ ಆಗಿರುವುದು ಮೈನಸ್ 18ರಿಂದ 24 ಡಿಗ್ರಿಯವರೆಗೆ ಮಾತ್ರ. ಡಿಸೆಂಬರಿನ ಚಿಕ್ಕಮಗಳೂರು, ಸಕಲೇಶಪುರದ ಬೆಳಗು ಅದಕ್ಕೆ ಹೇಳಿ ಮಾಡಿಸಿದ್ದು. ಮಧ್ಯಾಹ್ನ 24 ದಾಟಿದರೆ ಅದೇ ಹರಳು ತನ್ನಷ್ಟಕ್ಕೆ ಇದ್ದ ಧ್ರುವೀಕರಣ ಬಿಟ್ಟುಕೊಡುತ್ತದೆ, ಒತ್ತಿದರೆ ಆವೇಶ ಕೊಡುವುದನ್ನು ಮಾತ್ರ ಬಿಡುವುದಿಲ್ಲ. ಹರಳನ್ನು ಬಿಗಿ ಮುಚ್ಚಳದ ಶೀಶೆಯಲ್ಲಿಡಿ. ಮಳೆಗಾಲದ ಗಾಳಿಗೆ ಬಿಟ್ಟರೆ ನೀರೊಡೆಯುತ್ತದೆ. ಹಾಗೆಂದು ಸಿಲಿಕಾ ಜೆಲ್ ಹಾಕಿದರೆ ಹರಳಿನೊಳಗಿನ ನೀರೇ ಹೀರಿಹೋಗಿ ಮೈಮೇಲೆ ಬಿಳಿ ಪುಡಿ ಏಳುತ್ತದೆ.